ಅತ್ತೆ, ಅಲ್ಲಾಡಬೇಡಿ!

ನನಗೆ ಸಿಟ್ಟೇ ಬರೋದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನಗಂತೂ ಬರುತ್ತದಪ್ಪ. ಹಾಲು ಉಕ್ಕಿದರೆ ಬರುತ್ತದೆ, ಉಕ್ಕೋದಕ್ಕೆ ತಡಮಾಡಿದರೂ ಬರುತ್ತದೆ. ಇಂದಿರಾನಗರದ ಆಫೀಸಿಗೆ ಹೋಗುವಾಗ ಹಿಂದಿನಿಂದ ಹಾರನ್ ಹೊಡೆಯುವವನ ಮೇಲೆ ಬರುತ್ತದೆ. ಮುಂದಿನವನು ಹೊರಡದಿದ್ದರೆ ನಾನೇ ಹೊಡೆಯುತ್ತೇನೆ. ಇಂಥವಳ ಕೈಗೆ ನನ್ನ ಗಂಡ ಬಸವರಾಜ ಅವರಪ್ಪನ ಹಳೇ ಫಿಲ್ಮ್ ಕ್ಯಾಮರಾ ಕೊಟ್ಟು, "ಇದ್ರಲ್ಲಿ ಕಲಿ, ಹಾಗೇ ಸ್ವಲ್ಪ ತಾಳ್ಮೇನೂ ಬರುತ್ತೆ" ಎಂದ. ಮೊದಲು ಅವನ ಮೇಲೇ ಬಂತು.

ಇದಕ್ಕೆಲ್ಲ ಕಾರಣ ನಮ್ಮತ್ತೆಗೆ ಬೇಕಾಗಿದ್ದ ಒಂದು ಫೋಟೋ. ಅತ್ತೆ ಕಲಬುರಗಿ ಕಡೆಯವರು, ಮರ್ಫಿ ಟೌನಿನ ನಮ್ಮ ಬಾಡಿಗೆ ಮನೆಗೆ ಬಂದು ಮೂರು ವರ್ಷವಾಯಿತು. ಮಾವ ಬದುಕಿದ್ದಾಗ ಊರಿನವರ ಫೋಟೋ ಎಲ್ಲ ಅವರೇ ತೆಗೆದರು. ಅವರದ್ದು ಯಾರೂ ತೆಗೆಯಲಿಲ್ಲ. ಹೋದ ಮೇಲೆ ಹುಡುಕಿದರೆ ಸಿಕ್ಕಿದ್ದು ಯಾರದೋ ಮದುವೆಯ ಗುಂಪು ಫೋಟೋ. ಅದರಿಂದಲೇ ಕತ್ತರಿಸಿ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೇವೆ. ಮಾವನ ಹೆಗಲ ಮೇಲೆ ಇವತ್ತಿಗೂ ಯಾರದೋ ಕೈ ಇದೆ, ವಾಚು ಸಮೇತ. "ಇಷ್ಟು ವರ್ಷದಿಂದ ಮಂದಿ ಕೈಗೂ ಸೇರಿಸಿ ಊದಿನಕಡ್ಡಿ ಬೆಳಗಲಾಕತ್ತೀನಿ. ನನಗ ಹಂಗ ಮಾಡಬ್ಯಾಡ್ರಿ. ನಾ ಇದ್ದಾಗೇ ನನ್ನದೊಂದು ಒಬ್ಬಾಕೀದ ಫೋಟೋ ಆಗಲಿ" ಎಂಬುದು ಅತ್ತೆಯ ಒಂದೇ ಬೇಡಿಕೆ. ಮೊಬೈಲಿನಲ್ಲಿ ತೆಗೆದೆ. ಅದು ಕೇಳದೇ ಸುಕ್ಕು ಅಳಿಸಿ, ಬೆಳ್ಳಗೆ ಮಾಡಿ, ಗಲ್ಲದ ಮಚ್ಚೆಯನ್ನೂ ನುಂಗಿತು. ಅತ್ತೆ ನೋಡಿ, "ಇದು ನಾ ಅಲ್ಲ, ನನ್ನ ತಂಗಿ" ಎಂದರು. ತಂಗಿಯನ್ನು ಕಂಡರೆ ಅವರಿಗೆ ಆಗುವುದಿಲ್ಲ.

ಹಾಗಾಗಿ ಕ್ಯಾಮರಾ ಹೊತ್ತುಕೊಂಡು ಹೋದೆ. ರಸೆಲ್ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಕ್ಯಾಮರಾ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಧೂಳು ಒರೆಸಿ, ಎಣ್ಣೆ ಬಿಟ್ಟು, ಪಾಠ ಶುರು ಮಾಡಿದರು. ಲೆನ್ಸಿನ ಮೇಲೆ ಎರಡು, ನಾಲ್ಕು, ಎಂಟು, ಹದಿನಾರು ಅಂತ ನಂಬರುಗಳು. ಹದಿನಾರಕ್ಕೆ ತಿರುಗಿಸಿದರೆ ಬೆಳಕು ಬರುವ ತೂತು ಚಿಕ್ಕದಾಗುತ್ತದಂತೆ, ಎರಡಕ್ಕೆ ತಂದರೆ ದೊಡ್ಡದಾಗುತ್ತದಂತೆ. ಯಾವ ಪುಣ್ಯಾತ್ಮ ಮಾಡಿದ ಲೆಕ್ಕವೋ, ಅವನು ಸಿಕ್ಕಿದರೆ ಹದಿನಾರು ಇಡ್ಲಿ ಕೇಳಲಿ, ಎರಡೇ ಹಾಕುತ್ತೇನೆ! ಮೇಲೊಂದು ಚಕ್ರ, ಅದರಲ್ಲಿ ಐನೂರು ಅಂದರೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಬೆಳಕು ಒಳಗೆ. ಇದನ್ನು ತಿರುಗಿಸಿದರೆ ಅದನ್ನೂ ತಿರುಗಿಸಬೇಕು. ನಾನು ಹಲ್ಲು ಕಡಿಯುವುದನ್ನು ನೋಡಿ ಚಾಚಾ, "ಗುಸ್ಸಾ ಮಾಡ್ಬೇಡಿ ಮೇಡಂ. ಇದು ಹಳೇ ಕಾಲದ್ದು, ಬೈದ್ರೆ ಕೇಳಲ್ಲ" ಎಂದರು. ಫಿಲ್ಮ್ ನಾನು ಹಾಕಿಕೊಡಲಾ ಅಂತಲೂ ಕೇಳಿದರು. ನಾನೇ ಹಾಕ್ಕೋತೀನಿ ಎಂದು ಸೆಟೆದುಕೊಂಡು ಬಂದೆ.

ಆಮೇಲೆ ನಾಲ್ಕು ಭಾನುವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ವಠಾರವೆಲ್ಲ ಕೇಳಿಸಿಕೊಂಡಿದೆ. ಅತ್ತೆ ಇಳಕಲ್ ಸೀರೆಯುಟ್ಟು ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂರುವರು. ನಾನು ಬೆಳಕು ಅಳೆದು, ತೂತು ತಿರುಗಿಸಿ, ಚಕ್ರ ತಿರುಗಿಸಿ, ಫೋಕಸ್ ಹಿಡಿಯುವಷ್ಟರಲ್ಲಿ ಮೋಡ ಬರುವುದು. ಮತ್ತೆ ಮೊದಲಿಂದ. ಎಲ್ಲ ಸರಿಹೋಯಿತು ಅನ್ನುವಾಗ ಅತ್ತೆ, "ಅಲ್ಲವ್ವಾ, ಆ ಇನ್ನೊಂದು..." ಎಂದು ಬಾಯಿ ತೆರೆಯುವರು. "ಅತ್ತೆ, ಅಲ್ಲಾಡಬೇಡಿ! ತುಟಿ ಕೂಡ ಅಲ್ಲಾಡಬಾರದು!" ಎಂದು ನಾನು ಕಿರುಚುವುದು. ಅತ್ತೆ ಬಾಯಿ ಮುಚ್ಚುವರು. ಎದುರು ಮನೆಯ ಸೆಲ್ವಿ ಅಕ್ಕ ಒಂದು ದಿನ ಬಾಗಿಲಿಗೇ ಬಂದು, "ಪಾಪ, ವಯಸ್ಸಾದವ್ರನ್ನ ಯಾಕಮ್ಮಾ ಬೈತೀಯ?" ಎಂದು ಕೇಳಿದಳು.

ಆದರೆ ನನಗೆ ಒಳಗೊಳಗೇ ಹೆಮ್ಮೆ. ಮೂವತ್ತಾರು ಫೋಟೋದ ಫಿಲ್ಮು ಮೂವತ್ತೇಳಾಯಿತು, ಮೂವತ್ತೆಂಟಾಯಿತು, ಮುಗಿಯಲೇ ಇಲ್ಲ. ನನ್ನ ಕೈಗುಣವೇ ಇರಬೇಕು ಅಂದುಕೊಂಡೆ. ಮೂವತ್ತೊಂಬತ್ತಕ್ಕೆ ನಿಲ್ಲಿಸಿ ಚಾಚಾ ಹತ್ತಿರ ಓಡಿದೆ. ಅವರು ಒಂದು ಗುಂಡಿ ತಿರುಗಿಸಿ ನೋಡಿ, ಬೆಳಕು ಬಿದ್ದರೆ ಫಿಲ್ಮ್ ಹಾಳಾಗುತ್ತದೆ ಅನ್ನುವ ಹೆದರಿಕೆಯೂ ಇಲ್ಲದೆ ಹಿಂದಿನ ಮುಚ್ಚಳ ತೆರೆದೇಬಿಟ್ಟರು. ಫಿಲ್ಮಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ನಾಲ್ಕು ವಾರದಿಂದ ಅದು ಡಬ್ಬಿಯೊಳಗೆ ನಾಲಿಗೆಯೊಂದನ್ನೇ ಹೊರಗೆ ಹಾಕಿಕೊಂಡು ಮಲಗಿತ್ತು. "ಫಿಲ್ಮ್ ಓಡ್ತಿದ್ರೆ ಈ ಎಡಗಡೆ ಗುಂಡೀನೂ ತಿರುಗ್ಬೇಕು ಮೇಡಂ. ಯಾರೂ ನೋಡಿಲ್ವಾ?" ಎಂದರು ಚಾಚಾ.

ಮನೆ ತಲುಪುವವರೆಗೂ ಚಾಚಾನನ್ನು ಬೈದೆ, ಗಂಡನನ್ನು ಬೈದೆ, ಸ್ವರ್ಗದಲ್ಲಿದ್ದ ಮಾವನನ್ನೂ ಬಿಡಲಿಲ್ಲ. ಅತ್ತೆಯ ಮುಖ ನೋಡಿದಾಗ ಮಾತ್ರ ಬೈಗುಳ ನಿಲ್ಲಿಸಿ ಕ್ಯಾಮರಾ ಕೆಳಗಿಟ್ಟೆ. ಹೇಳಿದೆ, ಒಂದೂ ಬಂದಿಲ್ಲ ಅತ್ತೆ. ಅವರು ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತದೆ, "ಗೊತ್ತದ. ಆ ಗುಂಡಿ ತಿರಗಲಿಲ್ಲಲ್ಲ. ನಿಮ್ಮ ಮಾವ ಪ್ರತೀ ಸಲ ಅದನ್ನ ನೋಡಿ ಮುಂದ ಹೋಗ್ತಿದ್ರು" ಎಂದರು.

"ಗೊತ್ತಿದ್ರೆ ಹೇಳ್ಬಾರದಾ ಅತ್ತೆ!"

"ಹೇಳಾಕ ಬಾಯಿ ತಗದೆ. ತುಟಿ ಅಲ್ಲಾಡಿಸಬ್ಯಾಡ್ರಿ ಅಂದಿ."

ನಾನು ಅವರೆಕಾಯಿಯ ಮೊರ ಎಳೆದುಕೊಂಡು ಅವರ ಎದುರಿಗೆ ಕೂತೆ. ಹಾಗಾದರೆ ಆ ನಾಲ್ಕು ವಾರ ಯಾಕೆ ಸುಮ್ಮನೆ ಕೂತಿರಿ ಎಂದರೆ, "ಉಳದ ದಿನ ಆಫೀಸು ಆಫೀಸು ಅಂತಿ. ಐತವಾರ ಒಂದ ಅಷ್ಟೊತ್ತು ನನ್ನ ಮುಖ ನೋಡ್ತಿದ್ದಿ. ಬ್ಯಾರೆ ಯಾರು ನೋಡ್ತಾರ?" ಎಂದರು. ಅವತ್ತು ಅವರ ಜೊತೆ ಅವರೆಕಾಯಿ ಪೂರ್ತಿ ಸುಲಿದೆ. ಬೇಕಾಗಿದ್ದಕ್ಕಿಂತ ಹೆಚ್ಚೇ ಸುಲಿದೆವು.

ಅದೇ ಫಿಲ್ಮನ್ನು ಅತ್ತೆಯ ಮೇಲ್ವಿಚಾರಣೆಯಲ್ಲಿ ಮತ್ತೆ ಹಾಕಿದೆ. ಈ ಸಲ ಗುಂಡಿ ತಿರುಗಿತು. ತೊಳೆಸಿ ತಂದರೆ ಕೆಲವು ಕತ್ತಲು, ಕೆಲವು ಬರೀ ಬಿಳುಪು, ಸರಿಯಾಗಿ ಬಂದದ್ದು ಒಂದೇ ಒಂದು. ಸುಕ್ಕು ಇದೆ, ಮಚ್ಚೆ ಇದೆ, ಅತ್ತೆಯ ಬಾಯಿ ಪೂರ್ತಿ ತೆರೆದಿದೆ. ಎಂಟಕ್ಕಿಡು, ಎಂಟಕ್ಕಿಡು ಎಂದು ನನಗೆ ಹೇಳುತ್ತಿದ್ದರು. ಇನ್ನೊಂದು ತೆಗೀತೀನಿ ಅಂದರೆ ಅತ್ತೆ ಒಪ್ಪಲಿಲ್ಲ. "ಇದಾ ಇರಲಿ. ನಾ ಹ್ವಾದ ಮ್ಯಾಲೂ ಗ್ವಾಡಿ ಮ್ಯಾಲಿಂದ ನಿನಗ ಹೇಳಾವರು ಒಬ್ಬರು ಬೇಕಲ್ಲ?" ಎಂದರು.

ಫ್ರೇಮು ಹಾಕಿಸಲು ನಾನೇ ಹೋದೆ. ಅಂಗಡಿಯವನು ಫೋಟೋ ತಿರುಗಿಸಿ ಮುರುಗಿಸಿ ನೋಡಿ, "ಬಾಯಿ ಮುಚ್ಚಿರೋದು ಇಲ್ವಾ ಮೇಡಂ?" ಎಂದ.

ಚೆನ್ನಾಗಿ ಬೈದು ಬಂದೆ.