ಮುತ್ತಣ್ಣನವರ ಜಿಂಕೆಗಳೂ ತಿರುಮಲೇಶನ ತೋಡಿಯೂ

ತಿರುಮಲೇಶನಿಗೆ ಸಂಗೀತದ ಹುಚ್ಚು ಹಿಡಿಯದೇ ಹೋಗಿದ್ದರೆ ಆ ಭಾನುವಾರ ದೋಸೆ ತಿಂದುಕೊಂಡು ಸುಖವಾಗಿ ಕಳೆದುಹೋಗುತ್ತಿತ್ತು. ಸನ್ನಿವೇಲ್‌ನ ಅವನ ಅಪಾರ್ಟ್‌ಮೆಂಟಿನ ಗೋಡೆಗಳು ಹಪ್ಪಳದಷ್ಟು ತೆಳ್ಳಗೆ. ಅವನು ತೋಡಿ ರಾಗ ಎತ್ತಿಕೊಂಡನೆಂದರೆ ಕೆಳಗಿನ ಮನೆಯವರು ಪೊರಕೆಯ ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರು.

"ಹಾಡ್ಲೇಬೇಕು ಅಂದ್ರೆ ಯಾವುದಾದ್ರೂ ಬೆಟ್ಟಕ್ಕೆ ಹೋಗಿ," ಎಂದು ಹೆಂಡತಿ ನಿರುಪಮಾ ಸಿಟ್ಟಿನಲ್ಲಿ ಅಂದಳು. ಅವನು ಅದನ್ನು ಸಲಹೆಯೆಂದೇ ತಿಳಿದ. ಎಂಬತ್ತಾರರ ಆ ಬೇಸಿಗೆಯಿಡೀ ಭಾನುವಾರ ಬೆಳಿಗ್ಗೆ ಮಿಲ್ಪಿಟಾಸ್ ಹಿಂದಿನ ಬೆಟ್ಟಕ್ಕೆ ಕಾರು ಹತ್ತಿಸಿ, ಒಂದು ಓಕ್ ಮರದ ಕೆಳಗೆ ಕೂತು ಗಂಟಲು ಬಿಚ್ಚಿ ಹಾಡುತ್ತಿದ್ದ.

ಅವನ ಬಾಸ್ ಮುತ್ತಣ್ಣ ಕೊಡಗಿನವರು. ಆ ಬೆಟ್ಟದ ಕಡೆಯೇ ದನ ಮೇಯಿಸುವ ಗೆಳೆಯನೊಬ್ಬನ ರ‍್ಯಾಂಚಿನಲ್ಲಿ ವರ್ಷವರ್ಷವೂ ತಪ್ಪದೆ ಒಂದು ಜಿಂಕೆ ಹೊಡೆಯುತ್ತಿದ್ದರು. ಈ ಸಲ ಜಿಂಕೆಯ ಬಾಲವೂ ಕಂಡಿರಲಿಲ್ಲ. ಆಫೀಸಿನಲ್ಲಿ ಅವರು ಗೋಳು ಹೇಳಿಕೊಂಡಾಗ ಮಂಗಳೂರಿನ ಜಯರಾಜ್ ಬಾಯಿ ಹಾಕಿದ: "ನಮ್ಮ ತಿರುಮಲೇಶನನ್ನು ಕರ್ಕೊಂಡು ಹೋಗಿ ಸರ್. ಅವನಿಗೆ ಆ ಬೆಟ್ಟ ಪೂರಾ ಗೊತ್ತುಂಟು."

ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಬೇಕಾದ ಮನುಷ್ಯ ಕರೆದರೆ ಇಲ್ಲವೆನ್ನುವುದು ಹೇಗೆ? ಬೆಳ್ಳುಳ್ಳಿಯನ್ನೂ ಮುಟ್ಟದ ತಿರುಮಲೇಶ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಕೋವಿಯ ಪಕ್ಕ ಕೂತು ಹೊರಟ. ಇಳಿದು ನೋಡಿದರೆ, ಅದೇ ಓಕ್ ಮರ!

"ಇಲ್ಲಿ ಭಾನುವಾರ ಒಂದು ಪ್ರಾಣಿ ಊಳಿಡುತ್ತಂತೆ," ಮುತ್ತಣ್ಣ ಪಿಸುಗುಟ್ಟಿದರು. "ರ‍್ಯಾಂಚ್‌ನೋರು ಕೇಳಿದ್ದಾರೆ. ಅದಕ್ಕೆ ಹೆದರಿಯೇ ಜಿಂಕೆ ಓಡಿಹೋಗಿರೋದು. ಸಿಕ್ಕಿದ್ರೆ ಮೊದಲು ಅದನ್ನೇ ಹೊಡೀತೀನಿ."

"ಯಾ... ಯಾವ ಥರ ಊಳು ಸಾರ್?"

"ಬೇಲೀಲಿ ಸಿಕ್ಕಿಹಾಕ್ಕೊಂಡ ಕತ್ತೆ ಥರ ಅಂತೆ."

ತಿರುಮಲೇಶನಿಗೆ ಪ್ರಾಣಭಯಕ್ಕಿಂತ ಅವಮಾನವೇ ಹೆಚ್ಚಾಯಿತು.

ಬಿಸಿಲೇರುವ ಹೊತ್ತಿಗೆ ಪೊದೆ ಅಲುಗಿತು. ಕೊಂಬಿನ ಜಿಂಕೆಯೊಂದು ಹೊರಬಂದು ನಿಂತಿತು. ಮುತ್ತಣ್ಣ ಕೋವಿ ಎತ್ತಿದರು. ಜಿಂಕೆಯ ಕಣ್ಣು ನೋಡಿದ ತಿರುಮಲೇಶನಿಗೆ ಗ್ರೀನ್ ಕಾರ್ಡು ಮರೆತೇಹೋಯಿತು. ಕಣ್ಣು ಮುಚ್ಚಿ ತೋಡಿಯ ತಾರಷಡ್ಜಕ್ಕೆ ಒಂದೇ ನೆಗೆತ ನೆಗೆದ. ಬೆಚ್ಚಿಬಿದ್ದ ಮುತ್ತಣ್ಣನವರ ಕೋವಿ ಆಕಾಶಕ್ಕೆ ಢಂ ಎಂದಿತು. ಜಿಂಕೆ ಮಾಯ.

"ಆ ಪ್ರಾಣಿ ನೀವೇನ್ರೀ!"

ಮುತ್ತಣ್ಣ ಕೋವಿಯನ್ನು ಹಿಂದಿನ ಸೀಟಿಗೆ ತುರುಕಿದರು. ಗಾಡಿ ಇಳಿಸಿ ನೇರ ಬೆಟ್ಟದ ಬುಡದಲ್ಲಿದ್ದ ತಮ್ಮ ಮನೆಗೇ ತಂದರು. ಹಿತ್ತಲಿನಿಂದ ಹೆಂಡತಿ ಬೋಜಮ್ಮನ ಕೂಗು ಕೇಳಿಸಿತು.

"ಗುಲಾಬಿ ಯಾರೋ ತಿಂತಾರೆ ಅಂದ್ರೆ ಬಸವನಹುಳ ಅಂತಿದ್ರಲ್ಲ, ಬಂದು ನೋಡಿ ನಿಮ್ಮ ಹುಳಾನ!"

ಅವರು ನೀರೆರೆದು ಬೆಳೆಸಿದ ಗುಲಾಬಿಗಳ ನಡುವೆ ಐದಾರು ಜಿಂಕೆಗಳು ಮದುವೆಯ ಮೊದಲ ಪಂಕ್ತಿಗೆ ಕೂತವರಂತೆ ಮೇಯುತ್ತಿದ್ದವು. ಊರೊಳಗೆ ಕೋವಿ ಹಾರಿಸುವಂತಿಲ್ಲ. ಮುತ್ತಣ್ಣ ತಿರುಮಲೇಶನನ್ನು ಮುಂದಕ್ಕೆ ದೂಡಿದರು. "ಹಾಡ್ರೀ! ಇವು ಜಾಗ ಬಿಟ್ರೆ ನಾಳೇನೇ ಸಹಿ."

ತಿರುಮಲೇಶ ಜೀವ ಹಿಂಡಿ ಹಾಡಿದ. ಜಿಂಕೆಗಳು ತಲೆಯೆತ್ತಿದವು, ಕೇಳಿದವು, ಮತ್ತೆ ಗುಲಾಬಿಗೆ ಬಾಯಿ ಹಾಕಿದವು. ಒಂದು ಅಲ್ಲೇ ಕಾಲು ಮಡಚಿ ಮಲಗಿತು.

"ಇವಕ್ಕೆ ಹಾಡಿನ ಹೆದರಿಕೆ ಎಲ್ಲಿದೆ?" ಎಂದರು ಬೋಜಮ್ಮ. "ಬೆಟ್ಟದ ಒಣಹುಲ್ಲು ಬಿಟ್ಟು ನಮ್ಮ ಗುಲಾಬಿಗೆ ಇಳಿದಿವೆ, ಅಷ್ಟೆ."

ತಿರುಮಲೇಶನ ಮುಖ ಅರಳಿತು. "ಹಾಗಾದ್ರೆ ಜಿಂಕೆ ಓಡಿಸಿದ್ದು ನಾನಲ್ಲ ಸಾರ್!"

ಮುತ್ತಣ್ಣ ಅವನ ಹೆಗಲು ಹಿಡಿದು ಮೆಲ್ಲಗೆ ಒಳಗೆ ಕರೆದೊಯ್ದರು. "ಮುತ್ತಣ್ಣ ಬೆಟ್ಟದಲ್ಲಿ ಕಾಯ್ತಿದ್ದಾಗ ಜಿಂಕೆಗಳೆಲ್ಲ ಅವನ ಹಿತ್ತಲಲ್ಲೇ ಇದ್ವು ಅಂತ ಜಯರಾಜನಿಗೆ ಗೊತ್ತಾದ್ರೆ ನಾನು ಊರಲ್ಲಿ ತಲೆ ಎತ್ತೋ ಹಾಗಿಲ್ಲ. ಓಡಿಸಿದ್ದು ನೀವೇ. ನಿಮಗೆ ಸಹಿ ಬೇಕು ತಾನೆ?"

ಅವರೇ ನಂಬರು ಒತ್ತಿ ಫೋನು ಅವನ ಕೈಗಿಟ್ಟರು.

"ಹಲೋ ಜಯರಾಜ್," ಎಂದ ತಿರುಮಲೇಶ, ಔಷಧಿ ನುಂಗುವವನಂತೆ. "ಆ ಜಿಂಕೆಗಳು... ನನ್ನ ಹಾಡು ತಡೆಯೋಕಾಗದೆ ಬೆಟ್ಟ ಬಿಟ್ಟಿದ್ದಂತೆ."

"ಅದನ್ನು ಕಂಡುಹಿಡಿಲಿಕ್ಕೆ ಕೋವಿ ತಕೊಂಡು ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ?" ಎಂದು ಜಯರಾಜ್ ಬಿದ್ದು ಬಿದ್ದು ನಕ್ಕ. "ಇರು, ಎಲ್ಲರಿಗೂ ಹೇಳ್ತೇನೆ!"

ಕಿಟಕಿಯಾಚೆ ಜಿಂಕೆಗಳು ಉಳಿದ ಗುಲಾಬಿಯನ್ನು ಅಗಿಯುತ್ತ, ನಿಂತುಹೋದ ಹಾಡು ಮುಂದುವರಿಯಲಿ ಎಂಬಂತೆ ಅವನತ್ತಲೇ ಕಿವಿ ನಿಮಿರಿಸಿದ್ದವು.