ಪೆಟ್ಟಿಗೆ ಸುಮ್ಮನಿದ್ದ ಶುಕ್ರವಾರ

ನಮ್ಮ ಕಾಕಾನಿಗೆ ಕಿವಿ ಮಂದ ಎಂದು ನಾನು ಬಹಳ ಕಾಲ ನಂಬಿದ್ದೆ. ಇಲ್ಲದಿದ್ದರೆ ನನ್ನಂಥ ಗಾಯಕ ಬಾಯಿ ತೆರೆದ ಕೂಡಲೇ ಹಾರ್ಮೋನಿಯಂ ಅಷ್ಟು ಜೋರಾಗಿ ನುಡಿಸುವುದುಂಟೇ?

ಕಾಕಾ ಎಂದರೆ ಅಪ್ಪನ ತಮ್ಮ. ವಾರವಿಡೀ ಭತ್ತದ ಗದ್ದೆ, ರವಿವಾರ ಕಲಘಟಗಿ ಬಾಜುವಿನ ನಮ್ಮೂರ ಹೆಂಚಿನ ಚರ್ಚಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆ. ಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದ ಹೊಸತು. ಮಾತು ಬಂದಿತ್ತು, ಧಾಟಿ ಬಂದಿರಲಿಲ್ಲ. ಕಾಕಾ ಮಠದ ಭಜನೆಯಿಂದ ಒಂದು, ಬೀಸುವ ಪದದಿಂದ ಒಂದು ತಂದು ಕೂಡಿಸಿದ. ಒಮ್ಮೆ ಪೂಜೆಯ ನಡುವೆ ಭಜನೆಯ ಗೌಡರು ಕಿಟಕಿಯ ಹೊರಗೆ ನಿಂತು ತಾಳ ಹಾಕಿದರು.

"ನಿಮ್ಮ ಧಾಟೀನ ಐತ್ರಿ ಗೌಡ್ರ. ವಾಪಸ್ ಬೇಕೇನ್ರಿ?" ಎಂದು ಕಾಕಾ ಆಮೇಲೆ ಕೇಳಿದ.

"ಇಟ್ಕೋಳೋ. ನಮ್ಮ ಮಂದಿ ಇಷ್ಟು ನೆಟ್ಟಗ ಎಲ್ಲಿ ಹಾಡ್ತಾರ."

ಪೆಟ್ಟಿಗೆಯನ್ನು ರಿಪೇರಿಗೆ ಹುಬ್ಬಳ್ಳಿಗೆ ಒಯ್ದಾಗ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಕಾಕಾ ಕೌದಿ ಸುತ್ತಿದ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿ, ಮಿಶ್ರಿಕೋಟಿ ದಾಟಿದರೂ ತಾನು ನಿಂತೇ ಇದ್ದ.

"ಯಾರ್ರೀ ಇದು, ಜ್ವರ ಬಂದಾವೇನು?" ಎಂದ ಕಂಡಕ್ಟರ್.

"ಜ್ವರ ಇಲ್ರಿ. ದನಿ ಬಿದ್ದೈತಿ."

ಕಾಕಾನ ಹಾಡುವ ತಂಡದಲ್ಲಿ ನಾನಿದ್ದೆ. ಮ್ಯಾಟ್ರಿಕ್ ನನ್ನನ್ನು ಪಾಸಾಗಲು ಬಿಟ್ಟಿರಲಿಲ್ಲ, ಕಬಡ್ಡಿಯವರು ಒಳಗೆ ಬಿಟ್ಟಿರಲಿಲ್ಲ. ಊರಲ್ಲಿ ನನಗೆಂದು ಇದ್ದ ಜಾಗ ಕಾಕಾನ ಪೆಟ್ಟಿಗೆಯ ಎಡಬದಿ ಒಂದೇ.

"ಕಾಕಾ, ನಿನ್ನ ಪೆಟ್ಟಿಗ್ಯಾಗ ನನ್ನ ದನಿ ಮುಳುಗ್ತೈತಿ."

"ಮುಳುಗ್ಲಿ ಬಿಡಲೇ. ಈಜು ಕಲ್ತಿಂದ ಮ್ಯಾಲ ಎತ್ತೂಣು."

ಆ ವರ್ಷ ಹೊಸ ಫಾದರ್ ಬಂದರು. ಅವರ ಕಿವಿ ಬಲು ಚುರುಕು. "ತಂಡದಾಗ ಒಂದು ಅಪಸ್ವರ ಅದ. ಶುಭ ಶುಕ್ರವಾರ ಅದು ಯಾರಂತ ತಿಳೀತದ. ಅವರು ಮುಂದ ಹಾಡೂದು ಬ್ಯಾಡ," ಎಂದರು. ಯೇಸು ಸತ್ತ ಆ ದಿನ ಚರ್ಚಿನಲ್ಲಿ ಗಂಟೆಯಿಲ್ಲ, ಹಾರ್ಮೋನಿಯಂ ಇಲ್ಲ, ಬರೀ ಗಂಟಲು. ನಾನೂ ಗಂಭೀರವಾಗಿ ತಲೆಯಾಡಿಸಿ, ಪಕ್ಕದ ಗೆಳೆಯನನ್ನು ಕನಿಕರದಿಂದ ನೋಡಿದೆ.

ಶುಕ್ರವಾರ ಕಾಕಾ ಬೆರಳೆತ್ತಿದ. ಹುರುಪಿನಲ್ಲಿ ಎಲ್ಲರಿಗಿಂತ ಮೊದಲು ನಾನೇ ಶುರು ಮಾಡಿದೆ. ದನಿ ಹೆಂಚಿಗೆ ಬಡಿದು ತಿರುಗಿ ನನ್ನ ಕಿವಿಗೇ ಬಂತು. ಯಾರ ಎಮ್ಮೆ ಒಳಗೆ ಬಂತು ಎಂದು ಒಂದು ಕ್ಷಣ ಬಾಗಿಲ ಕಡೆ ನೋಡಿದೆ! ಆಮೇಲೆ ತಿಳಿಯಿತು. ಫಾದರ್ ನಿಧಾನವಾಗಿ ತಲೆ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ಕಾಕಾ ಹಾಡತೊಡಗಿದ. ಎಂದೂ ಬಾಯಿಬಿಟ್ಟು ಹಾಡದವನು, ನನ್ನ ತಪ್ಪು ಶ್ರುತಿಯನ್ನೇ ಹಿಡಿದು, ಕೈಸನ್ನೆಯಲ್ಲಿ ಎಲ್ಲರನ್ನೂ ಅಲ್ಲಿಗೇ ಎಳೆದ. ನಾನು ಜಾರಿದಲ್ಲಿ ಆತನೂ ಜಾರಿದ, ಹಿಂದೆಯೇ ಇಡೀ ತಂಡ ಜಾರಿತು. ಯಾರ ಎಮ್ಮೆ ಯಾವುದೆಂದು ಗುರುತು ಸಿಗದಂತಾಯಿತು.

"ಇವತ್ತು ಎಲ್ಲಾರೂ ಹಿಂಗ್ಯಾಕ?" ಎಂದರು ಫಾದರ್, ಹೊರಗೆ ಬಂದು.

"ನಂದ ತಪ್ರಿ ಫಾದರ್. ಪೆಟ್ಟಿಗಿ ಇಲ್ಲಂದ್ರ ನನಗ ದಾರಿ ತಿಳಿಯಂಗಿಲ್ಲ."

ಇಡೀ ಊರಿಗೆ ಧಾಟಿ ಕೂಡಿಸಿದವನು ಹೇಳಿದ ಮಾತಿದು! ಫಾದರ್ ಆತನನ್ನೂ ನೋಡಿದರು, ನನ್ನನ್ನೂ ನೋಡಿದರು, ಒಳಗೆ ಹೋದರು.

ನಾನು ಬೇವಿನ ಗಿಡದ ಕೆಳಗೆ ನಿಂತು ಕೇಳಿದೆ, "ಕಾಕಾ, ಮೊದಲಿಂದ್ಲೂ ಅದು ನಾನ ಏನು?"

ಆತ ಸೈಕಲ್ಲಿನ ಸ್ಟ್ಯಾಂಡ್ ತೆಗೆದ.

"ನಾ ಇನ್ನ ಬರೂದಿಲ್ಲ ಕಾಕಾ."

"ಈಸ್ಟರಿಗೆ ಲಗೂ ಬಾ," ಎಂದ ಕಾಕಾ. "ನೀ ಇಲ್ಲಂದ್ರ ಅಷ್ಟು ಜೋರ್ ಯಾರ ಸಲುವಾಗಿ ನುಡಸ್ಲಿ?"