ಮಾವನ ಬಚ್ಚಲುಮನೆಯಲ್ಲಿ ಹುಟ್ಟಿದ ಸೂರ್ಯ

"ಅಳಿಯಂದ್ರೇ, ಮೇಲೆ ನೋಡಿ!" ಎಂದರು ಮಾವ.

ನೋಡಿದೆ. ನಂಜನಗೂಡಿನ ಆ ಬಚ್ಚಲುಮನೆಯ ಚಾವಣಿಯಿಂದ ಹಿತ್ತಾಳೆ ಕೊಳಗದಂಥ ದೀಪವೊಂದು ಉದ್ದ ಕತ್ತು ಚಾಚಿ ನನ್ನನ್ನೇ ದಿಟ್ಟಿಸುತ್ತಿತ್ತು. ಅದರ ನೋಟ ನನಗೆ ಒಂಚೂರೂ ಹಿಡಿಸಲಿಲ್ಲ.

ಅತ್ತೆ ಸರ್ವಮಂಗಳಮ್ಮ ಕೇಳಿದ್ದು ಕನ್ನಡಿಯ ಮೇಲೊಂದು, ಹಂಡೆಯ ಮೇಲೊಂದು ಬಲ್ಬು, ಅಷ್ಟೇ. ಹಳೇ ಬಲ್ಬಿನ ಮಿಣುಕು ಬೆಳಕಲ್ಲಿ ಸೋಪು ಯಾವುದು, ಮೈಯುಜ್ಜುವ ಕಲ್ಲು ಯಾವುದು ಎಂದೇ ತಿಳಿಯುತ್ತಿರಲಿಲ್ಲವಂತೆ. ಆದರೆ ಮಾವ ಪುಟ್ಟನಂಜಯ್ಯ ಎರಡು ಬಲ್ಬು ಹಾಕಿ ಸುಮ್ಮನಾಗುವ ಆಸಾಮಿಯೇ? ಚಾವಣಿಯ ತುಂಬ ಸೀಮೆಸುಣ್ಣದಲ್ಲಿ ನಕ್ಷೆ ಬರೆದು 'ಮಲಿನಮಾಪಕ ದೀಪ' ಕಂಡುಹಿಡಿದುಬಿಟ್ಟಿದ್ದರು!

"ಮೈಮೇಲೆ ಎಷ್ಟು ಕೊಳೆಯೋ ಅಷ್ಟು ಬೆಳಕು! ಕೊಳೆ ಎಲ್ಲಿದ್ರೂ ಕತ್ತು ತಿರುಗಿಸಿ ಹುಡುಕತ್ತೆ. ಮೈ ಶುದ್ಧವಾದ್ರೆ ತಾನೇ ಬಿಟ್ಟುಬಿಡತ್ತೆ."

"ಸ್ವಿಚ್ಚೆಲ್ಲಿ ಮಾವ?"

"ಸ್ವಿಚ್ಚಿದ್ರೆ ಸೋಮಾರಿಗಳು ಅರ್ಧ ಸ್ನಾನಕ್ಕೇ ಆರಿಸ್ತಾರೆ. ಕಿತ್ತುಹಾಕ್ದೆ. ನಾಳೆ ಬೆಳಗಿನ ಜಾವ ತಾನೇ ಹತ್ಕೊಳ್ಳತ್ತೆ. ಕರೆಂಟ್ ಹೋದ್ರೂ ಯೋಚನೆಯಿಲ್ಲ, ಒಳಗೇ ಬ್ಯಾಟರಿ ಇದೆ!"

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ರೀ, ನಾಳೆ ಅಳಿಯಂದ್ರ ಮೊದಲ ದೀಪಾವಳಿಯ ಎಣ್ಣೆಸ್ನಾನ. ದೊಡ್ಡಳಿಯಂದ್ರು ಮಲಗಿಬಿಟ್ಟು, ಸೂರ್ಯ ಹುಟ್ಟಿದ ಮೇಲೆ ಎಣ್ಣೆತಲೆ ತೊಳ್ಕೊಂಡಿದ್ದನ್ನ ಬೀದಿಯವರು ಇವತ್ತಿಗೂ ಆಡ್ಕೊಳ್ತಾರೆ. ಈ ಸಲವೂ ಹಂಗಾದ್ರೆ ನಾನು ತಲೆಯೆತ್ತಿ ಓಡಾಡೋ ಹಂಗಿಲ್ಲ!"

"ಏನೂ ಆಗಲ್ಲ ಕಣೇ!"

ಮರುದಿನ ಕತ್ತಲಿರುವಾಗಲೇ ಅತ್ತೆ ಮತ್ತು ನನ್ನ ಹೆಂಡತಿ ಚಂಪಾ ಸೇರಿ ನನ್ನ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ಬಳಿದರು. ಒಬ್ಬಟ್ಟನ್ನೂ ಯಾರೂ ಅಷ್ಟು ಎಣ್ಣೆಯಲ್ಲಿ ಅದ್ದುವುದಿಲ್ಲ. ಟವೆಲ್ ಸುತ್ತಿಕೊಂಡು ಜಾರುತ್ತ ಜಾರುತ್ತ ಬಚ್ಚಲುಮನೆಗೆ ಹೋದೆ.

ಮಾವ ಆ ದೀಪಕ್ಕೆ ಮಸಿ, ಕೆಸರು, ಸಾರಿನ ಕಲೆ ಎಲ್ಲವನ್ನೂ ತೋರಿಸಿ ಪಳಗಿಸಿದ್ದರು. ಎಣ್ಣೆ ಹಚ್ಚಿಕೊಂಡ ಅಳಿಯನನ್ನು ಮಾತ್ರ ತೋರಿಸಿರಲಿಲ್ಲ!

ದೀಪ ನನ್ನನ್ನು ಕಂಡದ್ದೇ ತಡ, ಝಗ್ಗೆಂದಿತು. ಗೋಡೆಯ ಬಿರುಕಿನಲ್ಲಿದ್ದ ಇರುವೆ ಕೂಡ ಕಂಡಿತು.

"ಅತ್ತೇ! ಕಣ್ಣು ಕುಕ್ತಾ ಇದೆ!"

"ಸೀಗೆಪುಡಿ ಹಾಕಿ ಬೇಗ ಉಜ್ಜಿಕೊಳ್ಳಿ!" ಎಂದರು ಹೊರಗಿನಿಂದ.

ಉಜ್ಜಿಕೊಂಡೆ. ಎಣ್ಣೆಯ ಮೇಲೆ ಕಂದು ಪುಡಿ ಮೆತ್ತಿಕೊಂಡದ್ದನ್ನು ನೋಡಿ ದೀಪಕ್ಕೆ ಹುಚ್ಚೇ ಹಿಡಿಯಿತು! ಹಂಡೆ ಹೊಳೆಯಿತು, ಬೆಳಕು ಗವಾಕ್ಷಿಯಿಂದ ಹಾರಿ ಎದುರುಸಾಲಿನ ಮನೆಗಳಿಗೆ ಹೊಡೆಯಿತು. ಕೋಳಿಗಳು ಕೂಗಿದವು. ಬೆಳಕು ತಾಳಲಾರದೆ ಬಾಗಿಲು ತೆಗೆದು ಅಂಗಳಕ್ಕೆ ಓಡಿದೆ. ದೀಪ ಬಾಗಿಲಿನಿಂದ ಕತ್ತು ಹೊರಚಾಚಿ ನನ್ನ ಬೆನ್ನಿಗೇ ಬಿತ್ತು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ! ನಾಚಿಕೆಯಿಂದ ಭೂಮಿಗಿಳಿದು ಹೋಗೋಣ ಅನ್ನಿಸಿತು.

ಅಷ್ಟರಲ್ಲಿ ಬೀದಿಯವರೆಲ್ಲ ಎಣ್ಣೆತಲೆಯಲ್ಲೇ ಹೊರಗೆ ಬಂದಿದ್ದರು. "ಅಯ್ಯೋ ಸರ್ವಮಂಗಳಾ, ಸೂರ್ಯ ಹುಟ್ಬಿಟ್ನಲ್ಲೇ! ನಮ್ಮನೇಲಿ ಒಬ್ರದ್ದೂ ಸ್ನಾನ ಆಗಿಲ್ಲ!" ಎಂದು ಎದುರುಮನೆಯ ಪಾರ್ವತಮ್ಮ ಬಾಯಿ ಬಡಿದುಕೊಂಡರು.

ಅತ್ತೆ ಜಗಲಿಯ ಮೇಲೆ ಕುಸಿದರು. "ಹೋಯ್ತು! ಈ ಸಲವೂ ಹೋಯ್ತು!" ಅವರ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

"ಅಮ್ಮಾ, ಬಚ್ಚಲುಮನೆ ಇರೋದು ಉತ್ತರಕ್ಕೆ. ಸೂರ್ಯ ಯಾವತ್ತಾದ್ರೂ ಉತ್ತರದಲ್ಲಿ ಹುಟ್ತಾನಾ?" ಎಂದಳು ಚಂಪಾ.

ಎಲ್ಲರೂ ಪೂರ್ವಕ್ಕೆ ತಿರುಗಿದರು. ಅಲ್ಲಿ ಇನ್ನೂ ಕಗ್ಗತ್ತಲು! ಅತ್ತೆ ಚಂಗನೆ ಎದ್ದರು. "ನೋಡ್ತಾ ನಿಂತ್ಕೊಂಡ್ರೇನ್ರೇ? ಬಿಸಿನೀರು ತನ್ನಿ!"

ಬೀದಿಯ ಹಂಡೆಗಳೆಲ್ಲ ನಮ್ಮ ಅಂಗಳಕ್ಕೆ ಬಂದವು. ಹೆಂಗಸರು ಹಾಡಿದರು, ಅತ್ತೆ ಚೊಂಬಿನ ಮೇಲೆ ಚೊಂಬು ಸುರಿದರು. ನನ್ನ ಮೈಯ ಕೊನೆಯ ಎಣ್ಣೆಪಸೆ ಹೋದಾಗ ಪೂರ್ವ ಇನ್ನೂ ಕೆಂಪಾಗಿರಲಿಲ್ಲ.

"ನಮ್ಮ ಚಿಕ್ಕಳಿಯಂದ್ರ ಸ್ನಾನ ಹೊತ್ತಿಗೆ ಮುಂಚೇನೇ ಆಯ್ತು, ಎಲ್ರೂ ನೋಡಿದ್ರಲ್ಲ?" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಸಾರಿದರು.

ದೀಪ ನನ್ನನ್ನು ಬಿಟ್ಟಿತು. ಆದರೆ ಆರಲಿಲ್ಲ. ಕತ್ತು ತಿರುಗಿಸಿ, ಎಣ್ಣೆತಲೆಗಳನ್ನೆಲ್ಲ ದಾಟಿಕೊಂಡು ಹೋಗಿ, ಕಂಬದ ಮರೆಯಲ್ಲಿ ನಿಂತಿದ್ದ ಮಾವನ ಮೇಲೆ ಬಿತ್ತು. ಯಂತ್ರದ ಗೀಳಿನಲ್ಲಿ ಅವರು ಸ್ನಾನವನ್ನೇ ಮರೆತು ವಾರವಾಗಿತ್ತು! ನನ್ನ ಮೇಲೆ ಬಿದ್ದದ್ದು ಬೆಳಕೇ ಅಲ್ಲ ಅನ್ನಿಸುವಷ್ಟು ಪ್ರಖರವಾಗಿ ಬೆಳಗಿತು. ಆಮೇಲೆ ನಿಜವಾದ ಸೂರ್ಯ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

"ನೋಡಿದ್ರಾ ಅಳಿಯಂದ್ರೇ," ಎಂದು ಮಾವ ಕಣ್ಣು ಮುಚ್ಚಿಕೊಂಡೇ ಬೀಗಿದರು, "ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ!"

ಅತ್ತೆ ಸೀಗೆಪುಡಿಯ ಡಬ್ಬವನ್ನೇ ಇಡಿಯಾಗಿ ಕೈಗೆತ್ತಿಕೊಂಡರು.